ಕಡಿಮೆ ಕಾರ್ಬ್ ಊಟ ಶುರುಮಾಡುವವರಿಗೆ: ಅನ್ನ, ಬ್ರೆಡ್ ತೆಗೆದ ಜಾಗಕ್ಕೆ ಏನು ಬಡಿಸಬೇಕು?

ಕಾರ್ಬ್ (ಅನ್ನ, ಬ್ರೆಡ್, ಸಕ್ಕರೆಯಲ್ಲಿ ಹೆಚ್ಚಿರುವ ಕಾರ್ಬೋಹೈಡ್ರೇಟ್) ಕಡಿಮೆ ಮಾಡಲು ಹೊರಟವರು ಕೈಚೆಲ್ಲುವುದು ಸಾಮಾನ್ಯವಾಗಿ ಮೂರನೆಯದೋ ನಾಲ್ಕನೆಯದೋ ದಿನ, ಸಂಜೆ ಐದೂವರೆ ಹೊತ್ತಿಗೆ. ಮಧ್ಯಾಹ್ನದ ತಟ್ಟೆಯಿಂದ ಅನ್ನ ಎದ್ದು ಹೋಗಿರುತ್ತದೆ, ಆ ಜಾಗದಲ್ಲಿ ಒಂದು ಹಿಡಿ ಸೌತೆಕಾಯಿ ಹೋಳು ಕೂತಿರುತ್ತದೆ. ಒಂದು ಕಪ್ ಅನ್ನದಲ್ಲಿ ಸುಮಾರು 200 ಕ್ಯಾಲೊರಿ ಇದ್ದರೆ 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು 15. ಹೊಟ್ಟೆ ಈ ವ್ಯತ್ಯಾಸವನ್ನು ಮರೆಯುವುದಿಲ್ಲ, ಸಂಜೆ ಕೈ ತಾನಾಗಿಯೇ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಮನಸ್ಸು ಗಟ್ಟಿ ಇಲ್ಲ ಎಂದು ಬೈದುಕೊಳ್ಳುವ ಅಗತ್ಯವೇನಿಲ್ಲ. ಬಡಿಸಿದ್ದೇ ಸಾಲದು, ಅಷ್ಟೇ.

ಏನೇನು ಬಿಡಬೇಕು ಎಂಬ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ಇಲ್ಲಿರುವುದು ಬಿಟ್ಟ ಜಾಗ ತುಂಬುವ ಅಡುಗೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಬಗೆಯ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಹಾಗೇ ಇಟ್ಟುಕೊಂಡು ಕಾರ್ಬ್ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಅಪಾಯ ಬೇರೆ ರೀತಿಯದು: ಸಕ್ಕರೆ ಹೆಚ್ಚೇನೂ ಏರದೆಯೂ ಕೀಟೊಅಸಿಡೋಸಿಸ್ (ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ರಕ್ತದೊತ್ತಡದ ಮಾತ್ರೆ ನುಂಗುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲು ವೈದ್ಯರ ಜೊತೆ ಮಾತಾಡಬೇಕು. ಊಟ ಬದಲಿಸಿದ ಮೇಲಲ್ಲ, ಬದಲಿಸುವ ಮುಂಚೆ.

ಎಷ್ಟಕ್ಕೆ ಇಳಿಸಬೇಕು

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ಇದ್ದರೆ ಸಾಮಾನ್ಯವಾಗಿ ಅದನ್ನು ಕಡಿಮೆ ಕಾರ್ಬ್ ಆಹಾರ ಎನ್ನುತ್ತಾರೆ. 50 ಗ್ರಾಂಗಿಂತ ಕೆಳಗಿಳಿದರೆ ಅದು ಕೀಟೊ. ಅಂದಹಾಗೆ, ಕೀಟೊ ಹುಟ್ಟಿದ್ದು ತೂಕ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅದನ್ನು ಅಪಸ್ಮಾರದ ಚಿಕಿತ್ಸೆಗೆಂದು ಸೂಚಿಸಿದ್ದು. ಹೊಸಬರು ಮೊದಲ ದಿನವೇ 20 ಗ್ರಾಂಗೆ ಇಳಿಯುವ ಹಟ ಹಿಡಿಯಬಾರದು. 80ರಿಂದ 100 ಗ್ರಾಂನಲ್ಲಿ ಶುರುಮಾಡಿ. ಒಂದೊಂದು ಊಟಕ್ಕೆ 20–25 ಗ್ರಾಂ, ಮಿಕ್ಕಿದ್ದು ಹಣ್ಣು, ಹಾಲು, ಕಾಳಿಗೆ.

ಈ ಅಳತೆಗಳು ತಲೆಯಲ್ಲಿದ್ದರೆ ಸಾಕು, ಮೊಬೈಲ್ ತೆಗೆದು ಲೆಕ್ಕ ಹಾಕುತ್ತ ಕೂರಬೇಕಿಲ್ಲ: ಒಂದು ಕಪ್ ಅನ್ನದಲ್ಲಿ 45 ಗ್ರಾಂ ಕಾರ್ಬ್, ಒಂದು ಬ್ರೆಡ್ ತುಂಡಿನಲ್ಲಿ 12–15, ಮಧ್ಯಮ ಗಾತ್ರದ ಆಲೂಗಡ್ಡೆ ಅಥವಾ ಬಾಳೆಹಣ್ಣಿನಲ್ಲಿ 27ರ ಆಸುಪಾಸು, ಒಂದು ಲೋಟ ಹಾಲಿನಲ್ಲಿ 12, ಒಂದು ಲೋಟ ಕಿತ್ತಳೆ ರಸದಲ್ಲಿ 26. ಮೊಟ್ಟೆಯಲ್ಲಿ ಅರ್ಧ ಗ್ರಾಂ ಸಿಕ್ಕರೆ ಹೆಚ್ಚು. ಮಾಂಸ, ಮೀನಿನಲ್ಲಿ ಲೆಕ್ಕಕ್ಕೆ ಸಿಗುವಷ್ಟಿಲ್ಲ.

ತರಕಾರಿಗೆ ಒಂದು ಒರಟು ನಿಯಮ: ನೆಲದ ಮೇಲೆ ಬೆಳೆದದ್ದು ಕಡಿಮೆ, ನೆಲದಡಿ ಬೆಳೆದದ್ದು ಹೆಚ್ಚು. ಜೀರ್ಣವಾಗದ ನಾರನ್ನು ಕಳೆದ ಮೇಲೆ 100 ಗ್ರಾಂ ಪಾಲಕ್‌ನಲ್ಲಿ ಉಳಿಯುವುದು ಒಂದೂವರೆ ಗ್ರಾಂ, ಹೂಕೋಸು ಮತ್ತು ಎಲೆಕೋಸಿನಲ್ಲಿ 3, ಬ್ರಾಕೊಲಿಯಲ್ಲಿ 4, ಕ್ಯಾರೆಟ್‌ನಲ್ಲಿ 7, ಈರುಳ್ಳಿಯಲ್ಲಿ ಏಳೂವರೆ. ನಿಯಮ ಸುಳ್ಳಾಗುವುದೂ ಉಂಟು. ಮೂಲಂಗಿ ನೆಲದಡಿಯದಾದರೂ 2 ಗ್ರಾಂ ಮಾತ್ರ. ಬಟಾಣಿ, ಮುಸುಕಿನ ಜೋಳ ಗಿಡದ ಮೇಲೆಯೇ ಬಿಟ್ಟರೂ ಪಿಷ್ಟದ ಗಣಿಗಳು.

ತಟ್ಟೆ ತುಂಬುವ ಕ್ರಮ

ಮೊದಲು ಪ್ರೋಟೀನ್ ಬಡಿಸಿಕೊಳ್ಳಿ. ಒಂದು ಊಟಕ್ಕೆ 25–30 ಗ್ರಾಂ ಪ್ರೋಟೀನ್ ಗುರಿ. ಅದು 100 ಗ್ರಾಂ ಬೇಯಿಸಿದ ಕೋಳಿ ಎದೆಭಾಗದಿಂದ ಸಿಗುತ್ತದೆ, 130 ಗ್ರಾಂ ಮೀನಿನಿಂದ ಸಿಗುತ್ತದೆ. ಮೂರು ಮೊಟ್ಟೆಯಿಂದ ಬರುವುದು 18 ಗ್ರಾಂ. ಜೊತೆಗೆ 30 ಗ್ರಾಂ ಚೀಸ್ ತುರಿದರೆ ಗುರಿ ಮುಟ್ಟಿತು. ಆಮೇಲೆ ತಟ್ಟೆಯ ಅರ್ಧಭಾಗಕ್ಕೆ ತರಕಾರಿ. ಕೊನೆಗೆ ಕೊಬ್ಬು: ತರಕಾರಿಗೆ ಒಂದು ದೊಡ್ಡ ಚಮಚ ಎಣ್ಣೆಯೋ ಬೆಣ್ಣೆಯೋ, ಇಲ್ಲದಿದ್ದರೆ ಅರ್ಧ ಬೆಣ್ಣೆಹಣ್ಣು.

ಈ ಕೊನೆಯ ಹೆಜ್ಜೆಯಲ್ಲಿ ಹೊಸಬರು ಎಡವುತ್ತಾರೆ. ಕಾರ್ಬ್ ಬಿಟ್ಟ ಹುರುಪಿನಲ್ಲಿ ಎಣ್ಣೆಯನ್ನೂ ಬಿಡುತ್ತಾರೆ. ದೇಹಕ್ಕೆ ಶಕ್ತಿ ಬರುವ ಎರಡು ಬಾಗಿಲನ್ನೂ ಒಟ್ಟಿಗೆ ಮುಚ್ಚಿದರೆ ಉಳಿಯುವುದು ಉಪವಾಸ. ಹಾಗಂತ ಬೆಣ್ಣೆ ಮುದ್ದೆ ನುಂಗಬೇಕೆಂದಲ್ಲ. ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ, ಕಾರ್ಬ್‌ಗೆ 4. ಊಟಕ್ಕೆ ಒಂದೆರಡು ದೊಡ್ಡ ಚಮಚ ಮೀರಿದರೆ ತೂಕ ಇಳಿಯುವುದು ನಿಲ್ಲಬಹುದು.

ಹೂಕೋಸಿನ ಅನ್ನ: ಉದುರಾಗಿ ಬರಬೇಕಾದರೆ

ಕಡಿಮೆ ಕಾರ್ಬ್ ಅಡುಗೆಯಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಅನ್ನದ ಜೊತೆ ತಿನ್ನುತ್ತಿದ್ದ ಯಾವ ಸಾರು, ಪಲ್ಯವನ್ನೂ ಬದಲಿಸದೆ ಊಟ ಮುಂದುವರಿಸಬಹುದು. ಆದರೆ ಹತ್ತರಲ್ಲಿ ಒಂಬತ್ತು ಸಲ ಅದು ಮುದ್ದೆಯಾಗಿ, ಬೆಂದ ಕೋಸಿನ ವಾಸನೆ ಹೊಡೆದು, ಒಮ್ಮೆ ಮಾಡಿದವರು ಮತ್ತೆ ಮಾಡುವುದಿಲ್ಲ. ತಪ್ಪು ಹೂಕೋಸಿನದಲ್ಲ, ನೀರಿನದು. ಹೂಕೋಸಿನ ತೂಕದಲ್ಲಿ ನೂರಕ್ಕೆ 92 ಭಾಗ ನೀರೇ. ಅದು ಆವಿಯಾಗಿ ಹೊರಬೀಳಬೇಕು, ಬಾಣಲೆಯೊಳಗೇ ಉಳಿದರೆ ಹೂಕೋಸು ತನ್ನ ನೀರಿನಲ್ಲಿ ತಾನೇ ಬೇಯುತ್ತದೆ.

ಇಬ್ಬರಿಗೆ 600 ಗ್ರಾಂ ಹೂಕೋಸು ತೆಗೆದುಕೊಳ್ಳಿ. ತೊಳೆಯುವುದಿದ್ದರೆ ಇಡಿಯಾಗಿರುವಾಗಲೇ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿ, ಪೂರ್ತಿ ಒಣಗಲು ಬಿಡಿ. ತುರಿದ ಮೇಲೆ ತೊಳೆದರೆ ಕಥೆ ಮುಗಿಯಿತು. ಹೂಗಳನ್ನು ಬಿಡಿಸಿ, ಮಿಕ್ಸಿ ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಒಂದೊಂದು ಸೆಕೆಂಡಿನಂತೆ ಆರೇಳು ಸಲ ತಿರುಗಿಸಿ. ಜಾರು ತುಂಬಿದ್ದರೆ ಕೆಳಗಿನದು ನುಣ್ಣಗೆ ಅರೆದು ಮೇಲಿನದು ಹೋಳಾಗಿಯೇ ಉಳಿಯುತ್ತದೆ. ಮಿಕ್ಸಿ ಇಲ್ಲದಿದ್ದರೆ ತುರಿಮಣೆಯ ದಪ್ಪ ಕಣ್ಣಿನಲ್ಲಿ ತುರಿಯಿರಿ, ಇನ್ನೂ ಚೆನ್ನಾಗಿರುತ್ತದೆ.

ಮನೆಯಲ್ಲಿರುವ ಅತಿ ಅಗಲದ ಬಾಣಲೆ ಇಟ್ಟು, ಉರಿ ಜೋರು ಮಾಡಿ, ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ. ಅರ್ಧ ಹೂಕೋಸನ್ನು ಮಾತ್ರ ಹಾಕಿ ತೆಳ್ಳಗೆ ಹರಡಿ. ಒಂದು ನಿಮಿಷ ಮುಟ್ಟಬೇಡಿ. ಕೂಡಲೇ ಚುರ್ ಎಂಬ ಸದ್ದು ಏಳಬೇಕು. ಸದ್ದು ಸತ್ತು ಗುಳುಗುಳು ಎಂದರೆ ಬಾಣಲೆ ತಣ್ಣಗಿದೆ, ಇಲ್ಲವೇ ಹಾಕಿದ್ದು ಹೆಚ್ಚಾಗಿದೆ. ಆಮೇಲೆ ಆಗಾಗ ಕೈಯಾಡಿಸುತ್ತ ಒಟ್ಟು 5 ನಿಮಿಷ. ಮುಚ್ಚಳ ಮುಚ್ಚಲೇಬೇಡಿ. ಅಂಚುಗಳು ಅಲ್ಲಲ್ಲಿ ಕಂದು ತಿರುಗಿದಾಗ, ಕಚ್ಚಿದರೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿ. ಉಪ್ಪು ಹಾಕುವುದು ಇಳಿಸುವ ಅರ್ಧ ನಿಮಿಷ ಮುಂಚೆ. ಮೊದಲೇ ಹಾಕಿದರೆ ಅದು ನೀರನ್ನು ಹೊರಗೆಳೆದು ಇಷ್ಟು ಹೊತ್ತಿನ ಶ್ರಮವನ್ನೆಲ್ಲ ತೊಳೆದುಹಾಕುತ್ತದೆ. ಉಳಿದರ್ಧವನ್ನೂ ಹೀಗೇ ಹುರಿಯಿರಿ. ಒಬ್ಬರ ಪಾಲಿಗೆ ಸುಮಾರು 9 ಗ್ರಾಂ ಕಾರ್ಬ್ ಬರುತ್ತದೆ.

ಫ್ರೀಜರ್‌ನಲ್ಲಿಟ್ಟು ಮಾರುವ ಹೂಕೋಸಿನ ತುರಿ ತಂದಿದ್ದರೆ ಕರಗಲು ಬಿಡದೆ ನೇರ ಕಾದ ಬಾಣಲೆಗೆ ಹಾಕಿ, ಇನ್ನೂ ಮೂರ್ನಾಲ್ಕು ನಿಮಿಷ ಹೆಚ್ಚು ಹುರಿಯಿರಿ. ಅಷ್ಟಾದರೂ ತಾಜಾ ಹೂಕೋಸಿನ ಉದುರು ಅದಕ್ಕೆ ಬರುವುದಿಲ್ಲ.

ನೂಡಲ್ಸ್ ಆಸೆ ಇದ್ದವರು ಜುಕಿನಿಯನ್ನು (ಸೌತೆಕಾಯಿಯಂತೆ ಕಾಣುವ ತರಕಾರಿ) ಎಳೆಎಳೆಯಾಗಿ ಹೆಚ್ಚಿಕೊಳ್ಳುತ್ತಾರೆ. ಅಲ್ಲಿ ಉಪ್ಪಿನ ಕೆಲಸ ಉಲ್ಟಾ: 300 ಗ್ರಾಂಗೆ ಅರ್ಧ ಸಣ್ಣ ಚಮಚ ಉಪ್ಪನ್ನು ಮೊದಲೇ ಬೆರೆಸಿ, 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ, ಕಾದ ಬಾಣಲೆಯಲ್ಲಿ ಒಂದೇ ನಿಮಿಷ. ಎರಡು ನಿಮಿಷ ದಾಟಿದರೆ ಎಳೆ ಉಳಿಯುವುದಿಲ್ಲ.

ಬೆಳಗಿಗೆ ಎರಡು ದಾರಿ

ಬೆಳಿಗ್ಗೆ ಪುರುಸೊತ್ತಿಲ್ಲದವರಿಗೆ ಮೊಟ್ಟೆ ಕಪ್. 6 ಮೊಟ್ಟೆ, ಕಾಲು ಕಪ್ ಕ್ರೀಮ್, 50 ಗ್ರಾಂ ತುರಿದ ಚೀಸ್, ಅರ್ಧ ಸಣ್ಣ ಚಮಚ ಉಪ್ಪು, ಕಾಳುಮೆಣಸಿನ ಪುಡಿ ಕಲಸಿ. ಒಂದು ಕಪ್‌ನಷ್ಟು ಅಣಬೆ, ದೊಣ್ಣೆಮೆಣಸು, ಪಾಲಕ್ ಹೆಚ್ಚಿ, ಬಾಣಲೆಯಲ್ಲಿ ಬಾಡಿಸಿ, ನೀರು ಪೂರ್ತಿ ಆರಿದ ಮೇಲೆ ಬೆರೆಸಿ. ಹಸಿಯಾಗಿ ಹಾಕಿದರೆ ಕಪ್‌ನ ತಳದಲ್ಲಿ ನೀರು ನಿಂತು ಮೊಟ್ಟೆ ಸ್ಪಂಜಿನಂತಾಗುತ್ತದೆ. ಮಫಿನ್ ತಟ್ಟೆಯ ಆರು ಗುಳಿಗಳಿಗೆ ಧಾರಾಳವಾಗಿ ಬೆಣ್ಣೆ ಸವರಿ, ಮುಕ್ಕಾಲು ಭಾಗ ತುಂಬಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 18–20 ನಿಮಿಷ. ಒವನ್‌ನಲ್ಲಿ ಉಬ್ಬಿ ನಿಂತದ್ದು ಹೊರಗೆ ತೆಗೆದ ಕೂಡಲೇ ಕುಗ್ಗುತ್ತದೆ. ಗಾಬರಿ ಬೇಡ, ಅದರ ಸ್ವಭಾವವೇ ಅದು. ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ ಇರುತ್ತದೆ. ಒಂದು ಹೊತ್ತಿಗೆ ಎರಡು ಕಪ್ ಸಾಲದು, ಮೂರು ತಿನ್ನಿ.

ಮೊಟ್ಟೆ ತಿನ್ನದವರಿಗೆ ಚಿಯಾ. 30 ಗ್ರಾಂ ಚಿಯಾ ಬೀಜಕ್ಕೆ 200 ಮಿಲಿ ಸಕ್ಕರೆ ಹಾಕದ ಬಾದಾಮಿ ಹಾಲು ಸುರಿದು ಕಲಕಿ, ಹತ್ತು ನಿಮಿಷದ ನಂತರ ಇನ್ನೊಮ್ಮೆ ಕಲಕಿ, ಆಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಎರಡನೆಯ ಕಲಕುವಿಕೆ ಮರೆತರೆ ಬೆಳಿಗ್ಗೆ ಮೇಲೆ ನೀರು, ತಳದಲ್ಲಿ ಗಂಟು. ಚಿಯಾದ 12–13 ಗ್ರಾಂ ಕಾರ್ಬ್‌ನಲ್ಲಿ 10 ಗ್ರಾಂ ನಾರೇ. ಆದರೆ ಪ್ರೋಟೀನ್ 5 ಗ್ರಾಂ ಮಾತ್ರ. ಆದ್ದರಿಂದ ಬೆಳಿಗ್ಗೆ 150 ಗ್ರಾಂ ಗ್ರೀಕ್ ಮೊಸರು ಬೆರೆಸಿ, ಮೇಲೆ ನಾಲ್ಕು ಸ್ಟ್ರಾಬೆರಿ ಹೆಚ್ಚಿಹಾಕಿ. ಜೇನು ಬೇಡ; ಒಂದು ದೊಡ್ಡ ಚಮಚ ಜೇನಿನಲ್ಲಿ 17 ಗ್ರಾಂ ಸಕ್ಕರೆ ಇದೆ, ಅದು ನಾಲ್ಕು ಸಣ್ಣ ಚಮಚ ಸಕ್ಕರೆಗೆ ಸಮ.

ಒಂದೇ ಬಾಣಲೆಯ, ಒಂದೇ ಟ್ರೇಯ ಊಟ

ಎಲೆಕೋಸು–ಕೊಚ್ಚಿದ ಮಾಂಸ: ಮೂವರಿಗೆ 400 ಗ್ರಾಂ ಕೊಚ್ಚಿದ ಮಾಂಸ, 500 ಗ್ರಾಂ ಎಲೆಕೋಸು. ಕಾದ ಬಾಣಲೆಗೆ ಮಾಂಸ ಹಾಕಿ ಒತ್ತಿ ಹರಡಿ, ಮೂರು ನಿಮಿಷ ಕೆದಕದೆ ಬಿಡಿ. ತಳ ಕೆಂಪಾದ ಮೇಲೆ ಒಡೆದು, ಒಳಗಿನ ಕೆಂಬಣ್ಣ ಪೂರ್ತಿ ಹೋಗುವವರೆಗೆ ಹುರಿದು ತೆಗೆದಿಡಿ. ಬಾಣಲೆಯಲ್ಲಿ ಉಳಿದ ಕೊಬ್ಬಿಗೇ ಒಂದು ದೊಡ್ಡ ಚಮಚ ಶುಂಠಿ–ಬೆಳ್ಳುಳ್ಳಿ ಹಾಕಿ, ಉದ್ದುದ್ದ ಹೆಚ್ಚಿದ ಎಲೆಕೋಸನ್ನು ಜೋರು ಉರಿಯಲ್ಲಿ ನಾಲ್ಕೈದು ನಿಮಿಷ ತಿರುವಿ, ಮಾಂಸ ಸೇರಿಸಿ, 2 ದೊಡ್ಡ ಚಮಚ ಸೋಯಾ ಸಾಸ್, 1 ಸಣ್ಣ ಚಮಚ ವಿನೆಗರ್. ಉಪ್ಪನ್ನು ರುಚಿ ನೋಡಿದ ಮೇಲೆ ಹಾಕಿ, ಸೋಯಾದಲ್ಲೇ ಬೇಕಾದಷ್ಟಿರುತ್ತದೆ. ಒಬ್ಬರಿಗೆ 7 ಗ್ರಾಂ ಒಳಗೆ ಕಾರ್ಬ್.

ಮಾಂಸದ ಬದಲು ತೋಫು ಹಾಕುವವರು ಗಟ್ಟಿ ತೋಫುವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಹೇರಿ 20 ನಿಮಿಷ ಒತ್ತಿಡಿ. ಗರಿಗರಿಯಾಗಲೆಂದು ಕಾರ್ನ್‌ಫ್ಲೋರ್ ಉದುರಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಒಂದು ದೊಡ್ಡ ಚಮಚಕ್ಕೆ 7 ಗ್ರಾಂ ಕಾರ್ಬ್. ಒತ್ತಿ ನೀರು ತೆಗೆದ ತೋಫುವನ್ನು ಬರೀ ಎಣ್ಣೆಯಲ್ಲಿ ಒಂದೊಂದು ಮಗ್ಗುಲಿಗೆ ಮೂರು ನಿಮಿಷ ಬಿಟ್ಟರೆ ತಾನೇ ಗರಿಯಾಗುತ್ತದೆ.

ಟ್ರೇ ಕೋಳಿ ಇನ್ನೂ ಸುಲಭ. ಮೂಳೆ, ಚರ್ಮ ಸಹಿತ 4 ತೊಡೆ ತುಂಡುಗಳನ್ನು ಕಾಗದದಿಂದ ಒತ್ತಿ ಒರೆಸಿ, ಒಂದು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಚಮಚ ಉಪ್ಪು, ಮೆಣಸಿನ ಪುಡಿ ಸವರಿ, ಚರ್ಮ ಮೇಲಾಗಿ ಇಟ್ಟು 220 ಡಿಗ್ರಿಯಲ್ಲಿ 35–40 ನಿಮಿಷ. 300 ಗ್ರಾಂ ಬ್ರಾಕೊಲಿ ಸೇರಿಸುವುದು ಕೊನೆಯ 15 ನಿಮಿಷಕ್ಕೆ. ಒಟ್ಟಿಗೇ ಹಾಕಿದರೆ ಕೋಳಿ ಬೇಯುವಷ್ಟರಲ್ಲಿ ಬ್ರಾಕೊಲಿ ಕರಕಲಾಗಿರುತ್ತದೆ. ಟ್ರೇಯಲ್ಲಿ ತುಂಡುಗಳ ನಡುವೆ ಬೆರಳು ಹೋಗುವಷ್ಟು ಜಾಗ ಇರಲಿ. ಮಾಂಸದ ಅತಿ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು.

ಸೂಪ್ ಗಟ್ಟಿಯಾಗಲು ಮೈದಾ ಬೇಕಿಲ್ಲ. 500 ಗ್ರಾಂ ಹೂಕೋಸು, ಅರ್ಧ ಈರುಳ್ಳಿ, 2 ಎಸಳು ಬೆಳ್ಳುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ, 750 ಮಿಲಿ ನೀರಿನಲ್ಲಿ 15 ನಿಮಿಷ ಕುದಿಸಿ ಅರೆದರೆ ಕೆನೆಯಂತಹ ಸೂಪ್. ಬಿಸಿಯಾಗಿರುವಾಗಲೇ ಮಿಕ್ಸಿಗೆ ತುಂಬಿ ಮುಚ್ಚಳ ಬಿಗಿದರೆ ಆವಿ ಮುಚ್ಚಳವನ್ನೇ ಹಾರಿಸುತ್ತದೆ, ಆರಿದ ಮೇಲೆ ಅರೆಯಿರಿ. ಈ ಸೂಪ್ ಹೊಟ್ಟೆ ತುಂಬಿದಂತೆ ಮಾಡಿ ಎರಡು ಗಂಟೆಯಲ್ಲಿ ಕೈಕೊಡುವ ಜಾತಿ. ಮೇಲೆ ಸಿಗಿದ ಕೋಳಿಯನ್ನೋ ಎರಡು ಬೇಯಿಸಿದ ಮೊಟ್ಟೆಯನ್ನೋ ಹಾಕದೆ ಅದನ್ನು ಊಟ ಎನ್ನಬೇಡಿ.

ಸ್ಯಾಂಡ್‌ವಿಚ್ ಬಿಡಲಾಗದವರು ಲೆಟಿಸ್ ಎಲೆಯಲ್ಲಿ ಸುತ್ತಿ ತಿನ್ನಬಹುದು. ಎಲೆ ಒದ್ದೆ ಇರಬಾರದು, ಎರಡು ಎಲೆ ಒಂದರ ಮೇಲೊಂದು ಇರಲಿ.

ಕದ್ದು ಒಳಬರುವ ಕಾರ್ಬ್

ಅನ್ನ ಬಿಟ್ಟೆ, ಬ್ರೆಡ್ ಬಿಟ್ಟೆ, ಆದರೂ ಏನೂ ಬದಲಾಗಲಿಲ್ಲ ಎನ್ನುವವರು ಬಾಟಲಿಗಳ ಕಡೆ ನೋಡಬೇಕು. ಟೊಮೆಟೊ ಕೆಚಪ್ ಒಂದು ದೊಡ್ಡ ಚಮಚಕ್ಕೆ 4–5 ಗ್ರಾಂ, ಅದರಲ್ಲಿ ಹೆಚ್ಚಿನದು ಸಕ್ಕರೆ. ದಿನಕ್ಕೆ ನಾಲ್ಕು ಕಪ್ ಕಾಫಿಗೆ ಅರ್ಧರ್ಧ ಲೋಟ ಹಾಲು ಹಾಕಿದರೆ 24 ಗ್ರಾಂ, ಅಂದರೆ ಒಂದು ಊಟದ ಪಾಲು. ಗೋಡಂಬಿಯನ್ನು ಬಾದಾಮಿಯ ಅಣ್ಣತಮ್ಮ ಎಂದುಕೊಂಡವರೂ ಇದ್ದಾರೆ: ಒಂದು ಹಿಡಿ, ಅಂದರೆ 28 ಗ್ರಾಂ ಬಾದಾಮಿಯಲ್ಲಿ ನಾರು ಕಳೆದು ಎರಡೂವರೆ ಗ್ರಾಂ, ಅಷ್ಟೇ ಗೋಡಂಬಿಯಲ್ಲಿ ಎಂಟರ ಹತ್ತಿರ.

ಪೊಟ್ಟಣದ ಲೇಬಲ್ ಓದುವಾಗ ಒಂದು ಬಲೆ ಇದೆ. ಅಮೆರಿಕದ ಲೇಬಲ್‌ನಲ್ಲಿ ಒಟ್ಟು ಕಾರ್ಬ್ ಸಂಖ್ಯೆಯೊಳಗೆ ನಾರೂ ಸೇರಿರುತ್ತದೆ, ಅದನ್ನು ಕಳೆಯಬಹುದು. ಯುರೋಪಿನ ಲೇಬಲ್‌ನಲ್ಲಿ ನಾರನ್ನು ಮೊದಲೇ ಬೇರೆ ಮಾಡಿರುತ್ತಾರೆ. ಅಲ್ಲಿ ಇನ್ನೊಮ್ಮೆ ಕಳೆದರೆ ಲೆಕ್ಕದಲ್ಲಿ ಮಾತ್ರ ಕಡಿಮೆ ತಿಂದಂತೆ. ‘ಸಕ್ಕರೆ ರಹಿತ’ ಚಾಕೊಲೇಟಿನಲ್ಲಿ ಸಕ್ಕರೆಯ ಬದಲು ಬಳಸುವ ಮಾಲ್ಟಿಟಾಲ್ ಇದೆಯೇ ನೋಡಿ; ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆಯನ್ನೂ ಕೆಡಿಸುತ್ತದೆ. ಅಂಥದ್ದೇ ಇನ್ನೊಂದು ಸಿಹಿಕಾರಕ ಜೈಲಿಟಾಲ್ ಇರುವ ಯಾವುದನ್ನೂ ನಾಯಿಗೆ ಸಿಗದಂತೆ ಇಡಿ, ಅದಕ್ಕೆ ಅದು ವಿಷ.

ಕಾಳು, ಬೇಳೆಯ ಪ್ರಶ್ನೆ ಸಸ್ಯಾಹಾರಿಗಳಿಂದ ಬಂದೇ ಬರುತ್ತದೆ. 100 ಗ್ರಾಂ ಬೆಂದ ಮಸೂರದಲ್ಲಿ 20 ಗ್ರಾಂ ಕಾರ್ಬ್, 8 ಗ್ರಾಂ ನಾರು, 9 ಗ್ರಾಂ ಪ್ರೋಟೀನ್. ದಿನಕ್ಕೆ 100 ಗ್ರಾಂ ಕಾರ್ಬ್ ಮಿತಿಯಲ್ಲಿ ಇದಕ್ಕೆ ಧಾರಾಳವಾಗಿ ಜಾಗವಿದೆ, ತಿನ್ನಿ. 20 ಗ್ರಾಂ ಮಿತಿಯಲ್ಲಿ ಇಲ್ಲ. ಕೀಟೊ ಹಟ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ.

ಮೊದಲ ವಾರ ಮೈಗೆ ಏನಾಗುತ್ತದೆ

ಯಕೃತ್ತು ಮತ್ತು ಸ್ನಾಯುಗಳು ಸುಮಾರು 400–500 ಗ್ರಾಂ ಗ್ಲೈಕೋಜೆನ್ (ತಿಂದ ಕಾರ್ಬ್‌ನಿಂದಾದ ಶಕ್ತಿಯ ದಾಸ್ತಾನು) ಕೂಡಿಟ್ಟಿರುತ್ತವೆ, ಅದರ ಒಂದೊಂದು ಗ್ರಾಂ ಜೊತೆ 3 ಗ್ರಾಂನಷ್ಟು ನೀರು. ಕಾರ್ಬ್ ಇಳಿದಾಗ ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಮೊದಲ ವಾರ ತಕ್ಕಡಿ ಒಂದೆರಡು ಕಿಲೋ ಕಡಿಮೆ ತೋರಿಸಿದರೆ ಹೆಚ್ಚಿನದು ಈ ನೀರೇ. ಎರಡನೇ ವಾರ ಇಳಿತ ನಿಧಾನವಾದರೆ ಊಟ ಕೆಲಸ ಮಾಡುತ್ತಿಲ್ಲ ಎಂದಲ್ಲ.

ಕಾರ್ಬ್ ಜೊತೆ ಇನ್ಸುಲಿನ್ ಕೂಡ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನೂ ಹೆಚ್ಚು ಹೊರಹಾಕುತ್ತವೆ. ತಲೆನೋವು, ಸುಸ್ತು, ಎದ್ದು ನಿಂತಾಗ ತಲೆ ಸುತ್ತುವುದು, ಕಾಲು ಹಿಡಿದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ದಿನಕ್ಕೊಂದು ಕಪ್ ಉಪ್ಪು ಹಾಕಿದ ಬಿಸಿ ಸೂಪ್ ಕುಡಿದರೆ ಅರ್ಧ ಗಂಟೆಯಲ್ಲೇ ಹಗುರವಾಗುವುದುಂಟು. ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ಇದ್ದ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ಮಲಬದ್ಧತೆ ಕಾಡಿದರೆ ತಟ್ಟೆಯಲ್ಲಿ ತರಕಾರಿ ಅರ್ಧದಷ್ಟಿಲ್ಲ ಎಂದು ತಿಳಿಯಿರಿ.

ಒಲೆ ಹಚ್ಚಲು ಮನಸ್ಸಿಲ್ಲದ ದಿನ

ಅಂಥ ದಿನ ಬಂದೇ ಬರುತ್ತದೆ, ಅದಕ್ಕೆ ಫ್ರಿಜ್ ಸಿದ್ಧವಿರಲಿ. ವಾರದ ಆರಂಭದಲ್ಲಿ 8 ಮೊಟ್ಟೆಗಳನ್ನು ಕುದಿಯುವ ನೀರಿಗೆ ನಿಧಾನವಾಗಿ ಇಳಿಸಿ 10 ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಸಿಪ್ಪೆ ಸಮೇತ ಫ್ರಿಜ್‌ನಲ್ಲಿಡಿ. ಒಂದು ವಾರದೊಳಗೆ ಮುಗಿಸಿ. ಡಬ್ಬಿಯ ಟ್ಯೂನಾ ಮೀನು ಒಂದೆರಡು ಕಪಾಟಿನಲ್ಲಿರಲಿ. ಟ್ಯೂನಾದ ನೀರು ಬಸಿದು, ಎರಡು ಮೊಟ್ಟೆ ಹೆಚ್ಚಿ, ಒಂದು ದೊಡ್ಡ ಚಮಚ ಮೇಯೊನೀಸ್, ನಿಂಬೆರಸ, ಹೆಚ್ಚಿದ ಸೌತೆಕಾಯಿ ಸೇರಿಸಿ ಕಲಸಿದರೆ ಐದು ನಿಮಿಷದ ಊಟ, 5 ಗ್ರಾಂ ಒಳಗೆ ಕಾರ್ಬ್. ಮೀನು ಬೇಡದವರಿಗೆ 200 ಗ್ರಾಂ ಗ್ರೀಕ್ ಮೊಸರು, ಒಂದು ಹಿಡಿ ಬಾದಾಮಿ, ಮೇಲೆ ಉಪ್ಪು–ಮೆಣಸು ಉದುರಿಸಿದ ಅರ್ಧ ಬೆಣ್ಣೆಹಣ್ಣು. ಸೌತೆಕಾಯಿ ಇಲ್ಲೂ ಇರಲಿ, ಪಕ್ಕದಲ್ಲಿ.